ಮೊದಲ ಸಾಲಿನ ಅಜ್ಜಿ

ಉಣಕಲ್ಲಿನ ತಮ್ಮ ಮನೆಯ ಪಡಸಾಲೆಯಲ್ಲಿ ಬಾಳಕೃಷ್ಣ ಮಾಸ್ತರರು ಕುಂಚ ತೊಳೆಯುತ್ತಿದ್ದರು. ರಾಜ್ಯೋತ್ಸವದ ಮೆರವಣಿಗೆಗೆಂದು ಬರೆದ ದೊಡ್ಡ ಹಲಗೆಯ ಚಿತ್ರ ಗೋಡೆಗೆ ಆನಿಕೊಂಡಿತ್ತು. ತಾಯಿ ಭುವನೇಶ್ವರಿಯನ್ನು ಅವರೇ ಬರೆದಿದ್ದರು. ತಾಯಿಯ ಪಾದದ ಬಳಿಯ ಜನರನ್ನು ಬರೆದವಳು ಶಿಷ್ಯೆ ದುರ್ಗಾ. ಹಳಿಯಾಳದ ಕಡೆಯ ಸಿದ್ದಿ ಹುಡುಗಿ, ಧಾರವಾಡದಲ್ಲಿ ಚಿತ್ರಕಲೆ ಓದುತ್ತಿದ್ದಳು. ಮೊದಲ ಸಾಲಿನಲ್ಲಿ ಗುಂಗುರುಗೂದಲ ಕಪ್ಪು ಮುದುಕಿಯೊಬ್ಬಳು ಡೋಲು ಬಾರಿಸುತ್ತ ನಗುತ್ತಿದ್ದಳು.

ಮೆರವಣಿಗೆ ಸಮಿತಿಯ ಮುರುಗೆಪ್ಪ ಬಂದು ನೋಡಿದವರೇ ಹುಬ್ಬು ಗಂಟಿಕ್ಕಿದರು.

“ಮಾಸ್ತರ, ಕನ್ನಡದ ಹಬ್ಬಕ್ಕ ಆಫ್ರಿಕಾದ ಮುದುಕಿ ಯಾಕ ಬಂದ್ಲ್ರಿ?”

“ಸಿದ್ದಿ ಅಜ್ಜಿರಿ ಆಕಿ. ನಮ್ಮ ನಾಡಿನಾಕಿನ.”

“ನನಗ ಗೊತ್ತೈತ್ರಿ. ಮಂದಿಗೆ ಗೊತ್ತಿರಬೇಕಲ್ಲ? ಹುಡುಗ್ರು ಸೀಟಿ ಹೊಡದ್ರ ನೋವಾಗೂದು ಆ ಹುಡುಗಿಗೇ. ಒಂಚೂರು ಗೋಧಿಬಣ್ಣ ಹಚ್ಚಿಬಿಡ್ರಿ.”

ಜಗಳವೆಂದರೆ ಮುದುರಿಕೊಳ್ಳುವ ಜೀವ ಮಾಸ್ತರರದು. ಮುಂಜಾನೆ ಹಾಡಿದ ದೇವರನಾಮ ಇನ್ನೂ ತುಟಿಯಲ್ಲಿರುವಾಗಲೇ, ತಾಯಿಗೆ ಹಚ್ಚಿ ಉಳಿದ ಬಣ್ಣವನ್ನು ಅಜ್ಜಿಯ ಮುಖಕ್ಕೆ ಎಳೆದರು. ತುಸು ಬಣ್ಣ ತಾನೇ ಎಂದು ತಮಗೆ ತಾವೇ ಹೇಳಿಕೊಂಡರು.

ಮಧ್ಯಾಹ್ನ ಬಂದ ದುರ್ಗಾ ಹೊಸ್ತಿಲಲ್ಲೇ ನಿಂತಳು.

“ಸರ, ಈಕಿ ಯಾರ್ರಿ?”

“ಮಂದಿ ನಗಬಾರದಂತ ಹಚ್ಚಿದೆವ್ವಾ…”

“ನಗೂದು ನಮಗ ಹೊಸಾದೇನ್ರಿ? ‘ಯಾವ ದೇಶದಾಕಿ ನೀ? ಕನ್ನಡ ಛಲೋ ಮಾತಾಡ್ತಿಯಲ್ಲ’ ಅಂತ ಬಸ್ಸಿನ್ಯಾಗ ದಿನಾ ಕೇಳ್ತಾರ.” ಅವಳ ದನಿ ಇಳಿಯಿತು. “ಕಾಲೇಜಿನ್ಯಾಗ ಕೆರಿಬಿಯನ್ ದ್ವೀಪದವರು ಬರದ ಚಿತ್ರ ತೋರಿಸಿದ್ರು ಸರ. ನಮ್ಮ ಸಿದ್ದಿ ಮಂದಿಯಂಗ ಅವರ ಹಿರ್ಯಾರನ್ನೂ ಆಫ್ರಿಕಾದಿಂದ ಹಡಗಿನ್ಯಾಗ ಹಿಡದು ತಂದಿದ್ರಂತ. ಅಂಥವರ ಮಕ್ಕಳು ತಮ್ಮ ಕರೇ ಮಾರಿ ತಾವ ಬರದು, ಈ ದೇಶ ನಮ್ಮದು ಅಂದ್ರು. ನನಗೂ ಧೈರ್ಯ ಬಂತು. ನಮ್ಮ ಅಜ್ಜಿದೊಂದು ಫೋಟೋ ಸೈತ ಇಲ್ರಿ. ನೆನಪಿಲೆ ಬರದಿದ್ದೆ.”

ಮಾಸ್ತರರು ಗಡಬಡಿಸಿ ಟರ್ಪೆಂಟೈನಿನಲ್ಲಿ ಅರಿವೆ ಅದ್ದಿ ಒರೆಸಿದರು. ಗೋಧಿಬಣ್ಣ ಬಂತು, ಅದರ ಬೆನ್ನಿಗೇ, ಇನ್ನೂ ಹಸಿಯಿದ್ದ ಕಪ್ಪು, ಕಣ್ಣು, ನಗು ಎಲ್ಲವೂ ಕರಗಿ ಅರಿವೆಗೆ ಬಂದವು. ಮುಖವಿದ್ದಲ್ಲಿ ಬರಿಯ ಹಲಗೆ ಉಳಿಯಿತು.

“ಇನ್ನೊಮ್ಮೆ ಬರಿಯವ್ವಾ,” ಎಂದರು, ಬೇಡುವ ದನಿಯಲ್ಲಿ.

“ಆಗಂಗಿಲ್ರಿ ಸರ. ಆ ನಗಿ ಒಮ್ಮೆ ಸಿಕ್ಕಿತ್ತು.” ದುರ್ಗಾ ಚೀಲ ಹೆಗಲಿಗೇರಿಸಿ ನಡೆದಳು.

ಆ ಜಾಗದಲ್ಲಿ ಬೇರೆ ಮುಖ ಬರೆಯಿರೆಂದು ಮುರುಗೆಪ್ಪ ಎಷ್ಟು ಹೇಳಿದರೂ ಮಾಸ್ತರರು ಕುಂಚ ಮುಟ್ಟಲಿಲ್ಲ. “ಇದ್ದಂಗ ಒಯ್ಯೋದಾದ್ರ ಒಯ್ರಿ. ನಾನೂ ಬರ್ತೇನಿ,” ಎಂದರು.

ಮೆರವಣಿಗೆಯ ದಿನ ಟ್ರ್ಯಾಕ್ಟರಿನ ಪಕ್ಕದಲ್ಲಿ ಕಾಲೆಳೆಯುತ್ತ ನಡೆದರು. ಮೊದಲ ತಿರುವಿನಲ್ಲೇ ಹೂ ಮಾರುವವಳೊಬ್ಬಳು ಕೇಳಿದಳು: “ಯಾಕ್ರಿ ಅಜ್ಜಾರ, ಈಕಿಗೆ ಮಾರೀನ ಬರದಿಲ್ಲ?”

“ಬರದಿತ್ತವ್ವ. ಸಿದ್ದಿ ಅಜ್ಜಿ, ನಗತಿದ್ಲು. ನಾನ ಒರಸಿದೆ.”

ಮುಂದಿನ ಓಣಿಯಲ್ಲಿ ಮತ್ಯಾರೋ ಕೇಳಿದರು. ಮಾಸ್ತರರು ನಿಂತು, ಅವರಿಗೂ ಅದನ್ನೇ ಹೇಳಿದರು.