ಕೊಸರಿನ ತೂಕ

ನಮ್ಮ ಅತ್ತೆ ಗಂಗಲಕ್ಷ್ಮಮ್ಮನವರಿಗೆ ತಕ್ಕಡಿಯ ಮುಳ್ಳು ನಟ್ಟನಡುವೆ ನಿಂತರೆ ಮೈಯೆಲ್ಲ ಉರಿಯುತ್ತದೆ. ಅದು ಕೊಳ್ಳುವವರ ಕಡೆಗೆ ಒಂದಿಷ್ಟಾದರೂ ವಾಲಲೇಬೇಕು. ಸೇರು ತುಂಬಿ ಅಳೆದ ಮೇಲೆ ಒಂದು ಹಿಡಿ, ಪಾವು ಹಾಲು ಹೊಯ್ದ ಮೇಲೆ ಒಂದು ತೊಟ್ಟು. ಅದಕ್ಕೆ ಕೊಸರು ಅನ್ನುತ್ತೇವೆ. ಕೊಸರು ಹಾಕದೆ ಕೊಡುವವರು ಅತ್ತೆಯ ಪ್ರಕಾರ ಈ ಸೀಮೆಯಲ್ಲಿ ಇಬ್ಬರೇ ಇದ್ದಾರೆ. ಒಂದು ನ್ಯಾಯಬೆಲೆ ಅಂಗಡಿಯವರು, ಇನ್ನೊಂದು ಅವರ ತವರುಮನೆಯ ಎರಡನೇ ಅತ್ತಿಗೆ.

ಇಂಥ ಕೈಯನ್ನು ನಂಬಿಕೊಂಡು ನಾನು ಆನ್‌ಲೈನ್ ವ್ಯಾಪಾರಕ್ಕೆ ಇಳಿದೆ. ಕೊಡಿಗೇನಹಳ್ಳಿಯಲ್ಲಿ ಕೂತು ಹುರುಳಿಕಾಳು, ಕಡ್ಲೆಕಾಯಿ ಚಟ್ನಿಪುಡಿ ಮಾಡಿ ಕಂಡಕಂಡ ಊರಿಗೆಲ್ಲ ಅಂಚೆಯಲ್ಲಿ ಕಳಿಸುವುದು. ಪುಡಿ ಅತ್ತೆಯದು, ಫೋನು ನನ್ನದು. ಲೇಬಲ್ಲಿಗೆ ಅವರದೇ ಫೋಟೋ ಹಾಕಿ ‘ಗಂಗಲಕ್ಷ್ಮಮ್ಮನ ಕೈ’ ಎಂದು ಹೆಸರಿಟ್ಟೆ. ಫೋಟೋ ಬೇಡವೇ ಬೇಡ ಎಂದು ಎರಡು ದಿನ ಹಟ ಹಿಡಿದವರು ಮೂರನೇ ದಿನ ಹಸಿರು ರೇಷ್ಮೆ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು, ಕರೆಯುವ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಅಂಚೆಯ ದರ ಏರಿತು. ನೂರೈವತ್ತು ರೂಪಾಯಿಯ ಪುಡಿಯನ್ನು ಮೈಸೂರಿಗೆ ಮುಟ್ಟಿಸಲು ಅದರ ಅರ್ಧದಷ್ಟು ಖರ್ಚು. ಅದೂ ತೂಕಕ್ಕೆ ತಕ್ಕ ಮೆಟ್ಟಿಲು: ಐನೂರು ಗ್ರಾಮಿನವರೆಗೆ ಒಂದು ದರ, ಒಂದು ಗ್ರಾಂ ಮೇಲಾದರೂ ಮುಂದಿನ ದರ. ಗಿರಾಕಿಗಳಿಗೆ ಇದನ್ನು ಹೇಳಿದರೆ ಎಲ್ಲರದೂ ಒಂದೇ ಪ್ರಶ್ನೆ, ‘ಡೆಲಿವರಿ ಫ್ರೀ ಅಲ್ವಾ ಮೇಡಂ?’ ಒಂದು ಲೋಟ ಕಾಫಿಗೆ ಇನ್ನೂರು ಕೊಟ್ಟು ಅದರ ಫೋಟೋ ಹಾಕುವವರು ಇವರೇ. ಫ್ರೀ ಎನ್ನುವುದು ಆಕಾಶದಿಂದ ಬೀಳುತ್ತದೆ ಎಂದು ಯಾರು ಇವರಿಗೆ ಹೇಳಿಕೊಟ್ಟರೋ, ಅವರು ನನ್ನ ಕೈಗೆ ಸಿಗಬೇಕು.

ನನ್ನಂಥವರು ಒಬ್ಬರಿಬ್ಬರಲ್ಲ. ಶಿರಾದಲ್ಲಿ ಕಂಬಳಿ ಮಾರುವವರು, ಪಾವಗಡದಲ್ಲಿ ಗಾಣದ ಎಣ್ಣೆ ಮಾರುವವರು, ಎಲ್ಲರೂ ಸೇರಿ ‘ನಾಲ್ಕು ತಾಲ್ಲೂಕು ಆನ್‌ಲೈನ್ ವರ್ತಕರ ಬಳಗ’ ಎಂಬ ವಾಟ್ಸಾಪ್ ಗುಂಪು ಕಟ್ಟಿದ್ದೆವು. ಅದರ ಅಧ್ಯಕ್ಷರು ಕೊರಟಗೆರೆಯ ಸಂಜೀವಯ್ಯ ಮೇಷ್ಟ್ರು. ನಿವೃತ್ತರಾದ ಮೇಲೆ ಹುಣಸೆಹಣ್ಣು ಮಾರುತ್ತಾರೆ, ಬೆಳಿಗ್ಗೆ ಆರಕ್ಕೆ ಎಲ್ಲರಿಗೂ ಶುಭೋದಯ ಕಳಿಸುತ್ತಾರೆ. ದರ ಏರಿದ ತಿಂಗಳು ಅವರೇ ಮಧುಗಿರಿಯ ಒಂದು ಹೋಟೆಲಿನ ಮಾಳಿಗೆಯಲ್ಲಿ ತುರ್ತುಸಭೆ ಕರೆದರು. ಅಂಚೆ ಇಲಾಖೆಗೆ ಬರೆಯುವ ಮನವಿಪತ್ರ ಕನ್ನಡದಲ್ಲಿರಬೇಕೋ ಇಂಗ್ಲಿಷಿನಲ್ಲಿರಬೇಕೋ ಎಂದು ಒಂದು ಗಂಟೆ ಚರ್ಚೆಯಾಯಿತು. ಪಾವಗಡದ ಎಣ್ಣೆಯ ಕದಿರಯ್ಯ ಎದ್ದು ನಿಂತು, ತನ್ನ ತೆಲುಗು ಬೆರೆತ ಕನ್ನಡದಲ್ಲಿ, “ಏಮಿ ಮಾಡೋದು ಸಾರೂ, ನಾನು ಹಿಂದೂಪುರ ಬಸ್ನಾಗೆ ತೆಲಿಸಿನ ಗುರುತಿನೋರ ಕೈಗೆ ಹತ್ತು ಬಾಟ್ಲು ನೂನೆ ಕೊಟ್ಕಳಿಸ್ದೆ. ಬಸ್ಸು ಹೋಯ್ತು, ನೂನೆ ಹೋಗ್ಲಿಲ್ಲ” ಎಂದು ತನ್ನ ಅನುಭವ ಹಂಚಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಗೆ ಮನವಿಯನ್ನು ಸಿದ್ಧ ಮಾಡಿ, ಅದನ್ನು ಅಂಚೆಯಲ್ಲಿ ಕಳಿಸುವ ಖರ್ಚು ಯಾರದು ಎಂಬಲ್ಲಿ ಸಭೆ ಮುರಿದುಬಿತ್ತು. ಮನವಿ ಇವತ್ತಿಗೂ ಮೇಷ್ಟ್ರ ಚೀಲದಲ್ಲಿದೆ.

ನನ್ನ ಗಂಡ ರಂಗೇಶ್ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಫಲಕ ತೊಳೆಯುವವರ ಮೇಸ್ತ್ರಿ. ಇಡೀ ದಿನ ಬೇರೆಯವರು ಕೆಲಸ ಮಾಡುವುದನ್ನು ನೋಡಿ ಬರುವುದರಿಂದ ಸಂಜೆ ಮನೆಗೆ ಬಂದಾಗ ಅವರ ಬಳಿ ಸಲಹೆಗಳು ತುಂಬಿ ತುಳುಕುತ್ತಿರುತ್ತವೆ. ಆ ತಿಂಗಳು ನಾನು ಕೈಯಿಂದ ಹಣ ಹಾಕಿದ್ದು ತಿಳಿದ ಮೇಲೆ ಸಲಹೆಗಳೆಲ್ಲ ಹೋಗಿ ಒಂದೇ ಉಳಿಯಿತು.

“ಸಂಕ್ರಾಂತಿ ಗಂಟ ನೋಡು. ಅಮ್ಯಾಕೆ ಸುಮ್ಕೆ ಗಾರ್ಮೆಂಟ್ಸ್ ವ್ಯಾನ್ ಹತ್ತು. ತಿಂಗ್ಳಾದ್ರೆ ಸಂಬ್ಳ ಬತ್ತದೆ. ನಾನು ಡ್ರೈವರ್ ತಾವ ಮಾತಾಡಿವ್ನಿ, ಕಿಟಕಿ ಪಕ್ಕ ಸೀಟು ಮಡಗ್ತಾನಂತೆ.”

ಕಿಟಕಿ ಪಕ್ಕದ ಸೀಟು. ಆ ವ್ಯಾನು ಬೆಳಿಗ್ಗೆ ಆರೂವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಹಾರ್ನ್ ಹೊಡೆಯುತ್ತದೆ. ಅದನ್ನು ಹತ್ತುವ ಹೆಂಗಸರು ಸಂಜೆ ಏಳಕ್ಕೆ ಇಳಿಯುವಾಗ ಯಾರ ಮುಖದಲ್ಲೂ ಮಾತು ಉಳಿದಿರುವುದಿಲ್ಲ. ನನಗೆ ನನ್ನ ಫೋನು, ನನ್ನ ಲೇಬಲ್ಲು, ನನ್ನ ಹೆಸರಿನ ಬ್ಯಾಂಕ್ ಖಾತೆ ಬೇಕಾಗಿತ್ತು. ಇನ್ನೊಬ್ಬರ ಅಂಗಿಗೆ ದಿನಕ್ಕೆ ಎಂಟುನೂರು ಕಾಲರ್ ಹೊಲಿಯುವುದು ಬೇಕಾಗಿರಲಿಲ್ಲ. ವ್ಯಾಪಾರ ಬಿಡುವುದಿಲ್ಲ ಎಂದು ಅವತ್ತೇ ಹಟ ಹಿಡಿದೆ.

ಅಷ್ಟರಲ್ಲಿ ಅಶ್ವಿನಿ ಎಂಬವರ ಫೋನು ಬಂತು. ಶಿರಾದ ಕಡೆಯವರು, ತುಮಕೂರಿನ ಒಂದು ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ಕೆಲಸ. ಸಂಕ್ರಾಂತಿಗೆ ಅವರ ಅರವತ್ತು ಜನ ಏಜೆಂಟರಿಗೆ ಅರವತ್ತು ಊರಿಗೆ ಉಡುಗೊರೆಯಾಗಿ ಚಟ್ನಿಪುಡಿ ಕಳಿಸಬೇಕು, ಅಂಚೆ ಖರ್ಚು ಸೇರಿಸಿ ಒಂದೇ ದರ. ನಾನು ಲೆಕ್ಕ ಹಾಕಿದೆ. ಪುಡಿ ನಾನೂರೈವತ್ತು ಗ್ರಾಂ, ಕವರು, ರಟ್ಟಿನ ಡಬ್ಬಿ, ಟೇಪು ಸೇರಿ ನಲವತ್ತು, ಒಟ್ಟು ನಾನೂರ ತೊಂಬತ್ತು. ಐನೂರರೊಳಗೆ ಹೋದರೆ ಲಾಭ, ವ್ಯಾನು ತಪ್ಪುತ್ತದೆ. ಮೀರಿದರೆ ಲಾಭವೂ ಇಲ್ಲ, ಅಸಲೂ ಇಲ್ಲ. ಒಪ್ಪಿಕೊಂಡೆ.

ಅತ್ತೆಯನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ. “ಅತ್ತೆ, ಈ ಸಲ ಕೊಸರು ಹಾಕಬ್ಯಾಡಿ. ಒಂದು ಚಮಚ ಹೆಚ್ಚಾದ್ರೂ ನಾನು ಮುಳುಗಿ ಹೋಗ್ತೀನಿ.”

“ಆಯ್ತು ಬುಡು” ಅಂದರು.

ಏಳು ವರ್ಷದ ಸಂಸಾರದಲ್ಲಿ ನನಗೆ ಬುದ್ಧಿ ಬರಬೇಕಿತ್ತು. ನಮ್ಮ ಅತ್ತೆ ಆಯ್ತು ಬುಡು ಎಂದರೆ ಮಾತು ಸಾಕು ಎಂದರ್ಥ, ಒಪ್ಪಿದೆ ಎಂದಲ್ಲ. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಅರವತ್ತು ಕವರನ್ನೂ ನಾನೇ ತೂಗಿ ಸಾಲಾಗಿ ಇಟ್ಟು, ವಿಳಾಸಗಳನ್ನು ಪ್ರಿಂಟು ಹಾಕಿಸಲು ಮಧುಗಿರಿಗೆ ಹೋದೆ. ಕವರಿನ ಬಾಯಿಗೆ ಸೀಲು ಒತ್ತಿ ಡಬ್ಬಿಗೆ ತುಂಬುವುದು ಅತ್ತೆಯ ಪಾಲಿನ ಕೆಲಸ. ಆ ಸೀಲಿನ ಯಂತ್ರವೆಂದರೆ ಅವರಿಗೆ ಪ್ರಾಣ. ನಾನು ಸಂಜೆ ಬಂದಾಗ ಅರವತ್ತೂ ಡಬ್ಬಿ ಟೇಪು ಸುತ್ತಿಕೊಂಡು ಸಿದ್ಧವಾಗಿದ್ದವು. ಖುಷಿಯಿಂದ ವಿಳಾಸ ಅಂಟಿಸಿದೆ.

ಮರುದಿನ ಅಂಚೆ ಕಚೇರಿಯಲ್ಲಿ ಪಿಂಚಣಿಯವರ ಸಾಲು ಹೊರಗಿನ ಜಗುಲಿಯವರೆಗೂ ಬಂದಿತ್ತು. ಕೌಂಟರಿನಲ್ಲಿದ್ದ ಲೋಹಿತಾ ಮೇಡಂ ಮೊದಲ ಡಬ್ಬಿಯನ್ನು ತೂಕಕ್ಕಿಟ್ಟರು. ಐನೂರ ಹದಿನೆಂಟು. ಎರಡನೆಯದು ಐನೂರ ಹದಿನೈದು. ಮೂರನೆಯದು ಐನೂರ ಇಪ್ಪತ್ತೆರಡು. ಐದು ತೂಗಿ ಅವರು ಕೈ ತೆಗೆದರು.

“ಎಲ್ಲಾ ಹಿಂಗೇನಾ ತೇಜಸ್ವಿನಿ? ಮುಂದಿನ ದರ ಹಾಕ್ಬೇಕಾಗ್ತದೆ. ಮಿಷಿನ್ ತೋರಿಸಿದ್ದೇ ಬರೆಯೋದು, ನನ್ನ ಕೈಯಲ್ಲೇನೂ ಇಲ್ಲ.”

ಅವರ ತಪ್ಪೇನೂ ಇರಲಿಲ್ಲ. ಆದರೂ ಅವರ ಮೇಲೆಯೇ ಸಿಟ್ಟು ಬಂತು, ಎದುರಿಗಿದ್ದವರು ಅವರೇ ತಾನೆ. ಹೊರಗೆ ಬಂದು ಮನೆಗೆ ಫೋನು ಮಾಡಿದೆ.

“ಅತ್ತೆ, ಕವರಿಗೆ ಏನಾದ್ರೂ ಹಾಕಿದ್ರಾ?”

“ಏನೂ ಇಲ್ಲ ಕಣಮ್ಮ. ಒಂದೊಂದು ಹಿಡಿ.”

“ಬ್ಯಾಡ ಅಂದಿದ್ನಲ್ಲ.”

“ಅಳೆದಿಟ್ಟಂಗೇ ಕೊಡಾಕೆ ನಾವೇನು ಸೊಸೈಟಿಯೋರಾ? ಹಬ್ಬಕ್ಕೆ ಕಳಿಸೋದು ಬ್ಯಾರೆ. ಇಸ್ಕಂಡೋರು ಏನಂದ್ಕಂಡಾರು?”

ಎಲೆಕ್ಟ್ರಾನಿಕ್ ತಕ್ಕಡಿ, ಸೀಲಿನ ಯಂತ್ರ, ಒಂದು ಬೇಸಿನ್ನು ತನ್ನಿ ಎಂದಷ್ಟೇ ಹೇಳಿ, ಎದುರಿನ ಅಂಗಡಿಯಲ್ಲಿ ಬ್ಲೇಡು ಮತ್ತು ಮೂರು ಸುತ್ತು ಟೇಪು ಕೊಂಡೆ. ಪಕ್ಕದ ಮನೆಯವರ ಸ್ಕೂಟರಿನಲ್ಲಿ ಅತ್ತೆ ಬಂದಿಳಿದಾಗ ನಾನು ಜಗುಲಿಯ ಮೇಲೆ ಕೂತು, ಪಿಂಚಣಿಯವರೆಲ್ಲ ನೋಡುತ್ತಿರುವಂತೆ, ಹಬ್ಬದ ಉಡುಗೊರೆಗಳ ಹೊಟ್ಟೆ ಸೀಳುತ್ತಿದ್ದೆ. ಲೋಹಿತಾ ಮೇಡಂ ಪ್ಲಗ್ಗು ಬಳಸಿಕೊಳ್ಳಲು ಬಿಟ್ಟರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಒಂದೊಂದು ಕವರಿನಿಂದಲೂ ಪುಡಿ ತೆಗೆದು ಬೇಸಿನ್ನಿಗೆ ಸುರಿದೆ. ಇಲ್ಲಿ ಇನ್ನೊಂದು ಪೇಚು. ಹಳೆಯ ಟೇಪಿನ ಮೇಲೆ ಹೊಸ ಟೇಪು ಸುತ್ತಿದಾಗ ಡಬ್ಬಿಯೇ ಏಳೆಂಟು ಗ್ರಾಂ ದಪ್ಪಗಾಯಿತು. ಅಂಚೆ ಮಿಷಿನ್ನಿಗೂ ನನ್ನ ತಕ್ಕಡಿಗೂ ಒಂದೆರಡು ಗ್ರಾಮಿನ ಜಗಳ ಬೇರೆ. ಹಾಗಾಗಿ ಕೊಸರಷ್ಟೇ ಅಲ್ಲ, ಅದರ ಹಿಂದೆಯೇ ಅಸಲಿನಿಂದಲೂ ಒಂದು ಚಮಚ ತೆಗೆಯುತ್ತ ಹೋದೆ. ಲೇಬಲ್ಲಿನ ಮೇಲೆ ನಾನೂರೈವತ್ತು ಎಂದಿತ್ತು. ಇರಲಿ, ಮನೆಯಲ್ಲಿ ಯಾರು ತೂಕ ಹಾಕಿ ನೋಡುತ್ತಾರೆ ಎಂದುಕೊಂಡೆ. ಕಳ್ಳರೆಲ್ಲರೂ ಬಹುಶಃ ಹೀಗೆಯೇ ಅಂದುಕೊಳ್ಳುತ್ತಾರೆ.

ಹೊಸದಾಗಿ ಸೀಲು ಒತ್ತಿದ ಒಂದು ಕವರನ್ನು ಅತ್ತೆ ಅಂಗೈ ಮೇಲೆ ಇಟ್ಟುಕೊಂಡು ಒಂದು ಸಲ ಎತ್ತಿ ಇಳಿಸಿದರು.

“ಇದು ಕಮ್ಮಿ ಆಯ್ತು ಕಣಮ್ಮ.”

“ಮಿಷಿನ್ ಸರಿಯಾಗೈತೆ ಅಂತದೆ” ಅಂದೆ.

ಅತ್ತೆ ಬೇಸಿನ್ನನ್ನು ಎತ್ತಿಕೊಂಡು ಸಾಲಿನ ಕಡೆಗೆ ಹೋದರು. ಒಮ್ಮೆ ಒಬ್ಬರ ಪಾಲಿಗೆ ಹಾಕಿದ ಕೊಸರನ್ನು ಮತ್ತೆ ಮನೆಗೆ ಹೊತ್ತುಕೊಂಡು ಹೋಗುವಷ್ಟು ಗತಿಗೆಟ್ಟಿಲ್ಲವಂತೆ. ಸಾಲಿನಲ್ಲಿದ್ದ ಮುದುಕಿಯರ ಸೆರಗಿಗೆ, ಮುದುಕರ ಟವಲ್ಲಿಗೆ ಒಂದೊಂದು ಹಿಡಿ ಹಾಕುತ್ತ ನಡೆದರು. ಒಬ್ಬಾಕೆ ಮುದ್ದೆಗೆ ಹೊಂದುತ್ತದೆಯೇ ಎಂದು ಕೇಳಿದಳು. ಇನ್ನೊಬ್ಬಾಕೆ ತನ್ನ ಮಗಳಿಗೂ ಬೇಕೆಂದು ಎರಡನೇ ಸಲ ಸೆರಗು ಒಡ್ಡಿದಳು. ಎರಡೂವರೆ ಕೆ.ಜಿ. ಪುಡಿ ನನ್ನ ಕಣ್ಣೆದುರೇ ಖಾಲಿಯಾಯಿತು. ನನಗೆ ಅಳು ಬರುವಷ್ಟು ಸಿಟ್ಟು.

ಮಧ್ಯಾಹ್ನದ ಹೊತ್ತಿಗೆ ಅರವತ್ತೂ ಡಬ್ಬಿ ಐನೂರರೊಳಗೆ ಹೊರಟವು. ರಂಗೇಶ್ ಅವತ್ತು ಸಂಜೆ ಯಾವ ಸಲಹೆಯನ್ನೂ ಕೊಡಲಿಲ್ಲ.

ಹಬ್ಬ ಕಳೆದು ವಾರಕ್ಕೆ ಅಶ್ವಿನಿಯವರಿಂದ ಒಂದು ಫೋಟೋ ಬಂತು. ಯಾರೋ ಏಜೆಂಟರ ಅಡುಗೆಮನೆಯ ತಕ್ಕಡಿ, ಅದರ ಮೇಲೆ ಹಸಿರು ಸೀರೆಯ ನಮ್ಮ ಅತ್ತೆ ನಗುತ್ತಿದ್ದಾರೆ, ಕೆಳಗೆ ಕೆಂಪು ಅಂಕಿಯಲ್ಲಿ 437. ಕ್ಷಮೆ ಕೇಳುವುದು, ಬೇಕಾದರೆ ಆ ಮನುಷ್ಯನಿಗೆ ಕೈಯಿಂದ ಖರ್ಚು ಹಾಕಿ ಇನ್ನೊಂದು ಕಳಿಸುವುದು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಫೋನು ಮಾಡಿದೆ. ಆಕೆ ನಗುತ್ತಿದ್ದರು.

“ಅಯ್ಯೋ, ಅವರೊಬ್ಬರಿಗೆ ಮಾಡೋಕೆ ಕೆಲಸ ಇಲ್ಲ ಬಿಡಿ. ಲೇಬಲ್ ಮೇಲೆ ‘ಅಂದಾಜು’ ಅಂತ ಸಣ್ಣದಾಗಿ ಹಾಕ್ಬಿಡಿ, ಎಲ್ಲರೂ ಹಾಗೇ ಮಾಡೋದು. ಯುಗಾದಿಗೆ ಮುನ್ನೂರು ಬೇಕು. ಅಂಚೆ ತೂಕ ಮೀರದ ಹಾಗೆ ನಾನೂರು ಗ್ರಾಂ ಮಾಡಿ, ರೇಟ್ ಅದೇ ಇರಲಿ. ಡಬ್ಬಿ ಮಾತ್ರ ಸ್ವಲ್ಪ ಉದ್ದ ಕಾಣ್ಬೇಕು.”

ಕದ್ದದ್ದಕ್ಕೆ ಬೈಗುಳ ಬರುತ್ತದೆಂದು ನಿಂತಿದ್ದವಳಿಗೆ ಬಡ್ತಿ ಸಿಕ್ಕಿತ್ತು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಮುನ್ನೂರು ಡಬ್ಬಿ ಎಂದರೆ ವರ್ಷದ ಚಿಂತೆ ಇಲ್ಲ. ರಂಗೇಶ್ ಆಗಲೇ, “ನಾನು ಮೊದ್ಲೇ ಯೋಳಿದ್ನಲ್ಲ, ಬುಡಬ್ಯಾಡ ಅಂತ” ಎಂದು ಊರಲ್ಲಿ ಹೇಳಿಕೊಂಡು ಓಡಾಡಿದರು. ಬಳಗದಲ್ಲಿ ಸಂಜೀವಯ್ಯ ಮೇಷ್ಟ್ರು ನನ್ನ ಹೆಸರಿಗೆ ಮೂರು ಹೂಗುಚ್ಛ ಹಾಕಿದರು.

ಅತ್ತೆಗೂ ಎಲ್ಲವನ್ನೂ ಹೇಳಿದೆ. ಅವರು ಆರ್ಡರಿನ ಸುದ್ದಿ ಬಿಟ್ಟು ಫೋಟೋ ಕೇಳಿದರು. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ತಕ್ಕಡಿ ಮ್ಯಾಲೆ ನನ್ನೇ ಕೂರ್ಸವ್ರೆ.”

“ಅದು ಕವರು ಅತ್ತೆ.”

“ಕವರೇ ಇರ್ಲಿ. ಈ ಫೋಟೋ, ಹೆಸ್ರು ಎಲ್ಡೂ ತೆಗೆದ್ಬುಡು.”

“ಹೆಸರಿಲ್ದೆ ಯಾರು ತಗಾತಾರೆ ಅತ್ತೆ?”

“ನಿಂದು ಹಾಕ್ಕೋ. ನೀನೂ ನೋಡಾಕೆ ಚೆನ್ನಾಗೇ ಇದ್ದೀಯ.”

“ಪುಡಿ ಯಾರು ಮಾಡ್ತಾರೆ?”

“ನಾನೇ ಮಾಡ್ತೀನಿ. ದಿನಕ್ಕೆ ಎಷ್ಟು ಕೊಡ್ತೀಯ ಯೋಳು.”

ತಮಾಷೆ ಎಂದು ನಕ್ಕೆ. ಅವರು ನಗಲಿಲ್ಲ. “ಮನೆಯೋಳಾದ್ರೆ ಅಳತೆ ಕೇಳ್ತಾಳೆ ಕಣಮ್ಮ. ಕೂಲಿಯೋಳು ಯಾಕೆ ಕೇಳ್ತಾಳೆ? ಎಷ್ಟು ತುಂಬು ಅಂತೀಯೋ ಅಷ್ಟು ತುಂಬ್ತೀನಿ.”

ದಿನಕ್ಕೆ ಮುನ್ನೂರೈವತ್ತು ರೂಪಾಯಿಗೆ ಒಪ್ಪಂದವಾಯಿತು. ನಾನೇನೂ ಬೇಡವೆನ್ನಲಿಲ್ಲ, ಬೇರೆ ಆಳಿಗೆ ಐನೂರು ಕೊಡಬೇಕಿತ್ತು. ಲೇಬಲ್ಲಿಗೆ ಈಗ ನನ್ನ ಫೋಟೋ, ತೂಕದ ಅಂಕಿಯ ಪಕ್ಕದಲ್ಲಿ ಇರುವೆ ಗಾತ್ರದ ‘ಅಂದಾಜು’. ಅತ್ತೆ ಬೆಳಿಗ್ಗೆ ಒಂಬತ್ತಕ್ಕೆ ಹುರಿಯಲು ಕೂತರೆ ಐದಕ್ಕೆ ಎದ್ದು ಕೈ ತೊಳೆಯುತ್ತಿದ್ದರು. ನಾನೂರು ಎಂದರೆ ನಾನೂರೇ. ತಕ್ಕಡಿಯ ಅಂಕಿ ನೋಡಿ, ಹೆಚ್ಚಾದ ನಾಲ್ಕು ಕಾಳು ಪುಡಿಯನ್ನೂ ಬೆರಳಲ್ಲಿ ತೆಗೆದು ಪಾತ್ರೆಗೆ ಉದುರಿಸುತ್ತಿದ್ದರು. ಒಂದು ಡಬ್ಬಿಯೂ ಮೀರಲಿಲ್ಲ. ಅಷ್ಟು ಅಚ್ಚುಕಟ್ಟಿನ ಕೆಲಸವನ್ನು ನಾನು ಯಾವತ್ತೂ ನೋಡಿರಲಿಲ್ಲ, ನೋಡಲು ಆಗುತ್ತಲೂ ಇರಲಿಲ್ಲ.

ಶನಿವಾರ ಆರು ದಿನದ ಕೂಲಿ ಎರಡು ಸಾವಿರದ ನೂರು ತೆಗೆದೆ. ಮೇಲೆ ಇನ್ನೊಂದು ನೂರರ ನೋಟು ಸೇರಿಸಿಕೊಂಡು ಅವರ ಮುಂದೆ ಹೋಗಿ ಕೂತೆ. ಹೊಸ ಲೇಬಲ್ಲಿನ ಖರ್ಚು, ಮುನ್ನೂರು ಡಬ್ಬಿಯ ಅಂಚೆ, ಎಲ್ಲ ಒಟ್ಟಿಗೇ ನೆನಪಾಯಿತು. ಆ ನೋಟನ್ನು ಅಂಗೈಯಲ್ಲೇ ಮಡಚಿ ಹಿಡಿದುಕೊಂಡು ಉಳಿದದ್ದನ್ನು ಕೊಟ್ಟೆ. ಅವರು ನನ್ನ ಮುಚ್ಚಿದ ಕೈಯನ್ನು ನೋಡಿದರು. ಆಮೇಲೆ ನೋಟುಗಳನ್ನು ಎರಡು ಸಲ ಎಣಿಸಿದರು.

“ಸರಿಯಾಗೈತೆ ಕಣಮ್ಮ” ಎಂದು ಸೆರಗಿಗೆ ಗಂಟು ಹಾಕಿಕೊಂಡರು.

ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಆದರೂ ನನ್ನ ಕೈ ಬಿಚ್ಚಲಿಲ್ಲ.