ಕಡೆಯ ಅಧ್ಯಾಯ ಬಂದಿಲ್ಲ

ಮೇಲ್ ಬಂದಿತ್ತು, ಒಳಗೆ ಏನೂ ಇರಲಿಲ್ಲ. ‘ಒಂಬತ್ತನೆಯ ಅಧ್ಯಾಯ ಕಳಿಸಿದ್ದೇನೆ, ಕೇಳಿ ಹೇಳು’ ಎಂಬ ಒಂದೇ ಸಾಲು, ಅದರ ಕೆಳಗೆ ಬರೀ ಬಿಳುಪು. ಹತ್ತನೆಯದೂ ಹೀಗೇ. ಕಡೆಯದಾದ ಹನ್ನೊಂದನೆಯದೂ ಹೀಗೇ.

ಕಾದಂಬರಿಗಳನ್ನು ಓದಿಸಿ ಧ್ವನಿಪುಸ್ತಕ ಮಾಡುವ ಸಣ್ಣ ಸ್ಟುಡಿಯೋದಲ್ಲಿ ತಂಗಿಗೆ ಕೆಲಸ. ಓದುವವರ ಕೆಮ್ಮು, ನಿಟ್ಟುಸಿರು, ಪುಟ ಮಗುಚುವ ಸದ್ದು ಎಲ್ಲವನ್ನೂ ಕತ್ತರಿಸಿ ತೆಗೆಯುವುದು ಅವಳ ಪಾಲಿಗೆ ಬಂದದ್ದು. ಈ ಪುಸ್ತಕವನ್ನು ಓದುತ್ತಿದ್ದವಳು ಅಕ್ಕ. ಅಕ್ಕನ ಗಂಟಲಲ್ಲಿ ಗಂಟೊಂದು ಎದ್ದಿತ್ತು. ಸೋಮವಾರ ಆಪರೇಷನ್. ಆಮೇಲೂ ದನಿ ಹೀಗೇ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪವೇ ದನಿ ಬಳಸಿ ಎಂದಿದ್ದರಿಂದ, ಉಳಿದ ಮೂರು ಅಧ್ಯಾಯಗಳನ್ನು ಅಕ್ಕ ಮನೆಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುವುದೆಂದು ಆಗಿತ್ತು. ಈಗ ಶನಿವಾರ.

ತಂಗಿ ಮೊದಲು ತನ್ನ ಕಡೆಯ ದೋಷವನ್ನೇ ಹುಡುಕಿದಳು. ಸ್ಪ್ಯಾಮ್ ತೆರೆದು ನೋಡಿದಳು, ಬೇರೆ ಕಂಪ್ಯೂಟರಿನಲ್ಲಿ ನೋಡಿದಳು, ಫೈಲು ದೊಡ್ಡದಾಗಿ ದಾರಿಯಲ್ಲೇ ಉದುರಿತೇ ಎಂದು ತನಗೆ ತಾನೇ ಅಷ್ಟೇ ದೊಡ್ಡ ಫೈಲೊಂದನ್ನು ಕಳಿಸಿ ನೋಡಿದಳು. ಅದು ನೆಟ್ಟಗೆ ಬಂತು. ಬೆನ್ನ ಹಿಂದೆ ನಿಂತಿದ್ದ ಸ್ಟುಡಿಯೋ ಯಜಮಾನರು, ನಿಮ್ಮಕ್ಕ ಓದಿರಲಿಕ್ಕಿಲ್ಲ, ಮೇಲ್ ಮೇಲೆ ಗೂಬೆ ಕೂರಿಸುತ್ತಿದ್ದಾರೆ ಎಂದು ನಕ್ಕರು. ಅಕ್ಕನಿಗೆ ಮೆಸೇಜ್ ಮಾಡಿದರೆ, ಕಳಿಸಿದ್ದೇನೆ, ಇಲ್ಲಿ ಕಣ್ಣೆದುರಿಗೇ ಇದೆ ಎಂಬ ಉತ್ತರ. ತಂಗಿ ಬಸ್ ಹತ್ತಿದಳು.

ಅಕ್ಕನ ಕೋಣೆಯಲ್ಲಿ ಬಟ್ಟೆಯ ಬೀರು ಬಾಯಿ ತೆರೆದುಕೊಂಡಿತ್ತು. ನೇತುಹಾಕಿದ ಸೀರೆಗಳ ನಡುವೆ ಒಂದು ಸ್ಟೂಲು, ಅದರ ಮೇಲೆ ದಿಂಬು, ದಿಂಬಿನ ಮೇಲೆ ಫೋನು. ಸದ್ದು ಗೋಡೆಗೆ ಬಡಿದು ವಾಪಸ್ಸಾಗದಿರಲೆಂದು ಅದರೊಳಗೆ ತಲೆ ತೂರಿಸಿ ಓದುತ್ತಿದ್ದಳಂತೆ. ಕಳಿಸುವ ಬಗೆಯನ್ನು ಮಾಡಿ ತೋರಿಸು ಎಂದು ತಂಗಿ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು.

ಓದಿದ್ದನ್ನು ತಾನು ಕೇಳದೆ ಅಕ್ಕ ಯಾರ ಕಿವಿಗೂ ಬಿಡುವವಳಲ್ಲ. ಫೋನಿನ ಸದ್ದು ತಗಡಿನ ಹಾಗಿರುತ್ತದೆಂದು ಪ್ರತಿ ಅಧ್ಯಾಯವನ್ನೂ ಮೊದಲು ತನಗೇ ಮೇಲ್ ಮಾಡಿಕೊಂಡು, ಕಂಪ್ಯೂಟರಿನ ದೊಡ್ಡ ಸ್ಪೀಕರಿನಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ತೃಪ್ತಿಯಾದರೆ ಅದೇ ಮೇಲ್‌ನಲ್ಲಿ ರಿಪ್ಲೈ ಒತ್ತಿ, ತನ್ನ ವಿಳಾಸ ಅಳಿಸಿ, ತಂಗಿಯ ವಿಳಾಸ ಹಾಕಿ ಕಳಿಸುತ್ತಿದ್ದಳು.

“ರಿಪ್ಲೈ ಒತ್ತಿದ್ರೆ ಫೈಲು ಜೊತೇಲಿ ಬರಲ್ಲ ಅಕ್ಕ. ಕಳಿಸಿದವರ ಹತ್ರ ಅದು ಇದ್ದೇ ಇರುತ್ತಲ್ಲ ಅಂತ ಬಿಟ್ಟುಬಿಡುತ್ತೆ. ಫಾರ್ವರ್ಡ್ ಒತ್ತಬೇಕು.”

“ಅಂದ್ರೆ ಇಷ್ಟು ದಿನ ನನಗೆ ನಾನೇ ಉತ್ತರ ಕೊಟ್ಕೋತಿದ್ದೆ ಅನ್ನು.”

ಒಂಬತ್ತು ಹೋಯಿತು, ಹತ್ತು ಹೋಯಿತು. ತಂಗಿಯ ಫೋನಿನಲ್ಲಿ ಎರಡರ ಪಕ್ಕದಲ್ಲೂ ಫೈಲು ಇದೆಯೆನ್ನುವ ಪಿನ್ನಿನ ಗುರುತು ಮೂಡಿತು. ಹನ್ನೊಂದನ್ನು ತನಗೇ ಕಳಿಸಿಕೊಂಡ ಮೇಲ್ ಮಾತ್ರ ಅಕ್ಕನ ಇನ್‌ಬಾಕ್ಸಿನಲ್ಲಿ ಇರಲೇ ಇಲ್ಲ. ತಂಗಿ ಕಸದ ಬುಟ್ಟಿ ತೆರೆದಳು, ಅಕ್ಕನ ಫೋನಿನಲ್ಲಿದ್ದ ರೆಕಾರ್ಡಿಂಗುಗಳನ್ನೆಲ್ಲ ಜಾಲಾಡಿದಳು, ದಿನಾಂಕದ ಪ್ರಕಾರ ಜೋಡಿಸಿ ಮತ್ತೆ ನೋಡಿದಳು. ಅಕ್ಕ ಅವಳ ಕೈಯಿಂದ ಫೋನು ತೆಗೆದುಕೊಂಡಳು.

“ಹುಡುಕಬೇಡ. ಅದನ್ನ ಓದಿಲ್ಲ.”

ಮೊದಲಿನೆರಡೂ ತಲುಪಿಲ್ಲವೆಂದು ತಂಗಿಯ ಮೆಸೇಜಿನಿಂದ ಗೊತ್ತಾದಾಗ, ಮೂರನೆಯದನ್ನೂ ಅದೇ ದೋಷದ ತಲೆಗೆ ಕಟ್ಟಬಹುದೆಂದು ಅಕ್ಕನಿಗೆ ಹೊಳೆಯಿತಂತೆ. ಹೊಸದಾಗಿ ಒಂದು ಸಾಲು ಬರೆದು ಬರಿಗೈಯಲ್ಲಿ ಕಳಿಸಿದ್ದಳು.

“ಮುಗಿಸಿಬಿಟ್ರೆ ಮುಗೀತು ಅನ್ನಿಸ್ತು ಕಣೇ. ಒಂದು ಅಧ್ಯಾಯ ಉಳಿದಿದ್ರೆ ದನಿ ವಾಪಸ್ ಬರಲೇಬೇಕಲ್ಲ.”

ಯಜಮಾನರ ನಗು ನೆನಪಾಗಿ ತಂಗಿಗೆ ಸಿಟ್ಟು ನೆತ್ತಿಗೇರಿತು. ಈಗಲೇ ಓದು ಎಂದು ಬೀರುವಿನ ಕಡೆ ಕೈ ತೋರಿಸಿದಳು. ಅಕ್ಕ ಅಲುಗಲಿಲ್ಲ. ಆಪರೇಷನ್ ಆದಮೇಲೆ, ಬಂದ ದನಿಯಲ್ಲೇ ಓದುತ್ತೇನೆ ಎಂದಳು. ಕೇಳುವವರಿಗೆ ಬೇರೆ ಯಾರೋ ಓದಿದ ಹಾಗಿರುತ್ತದೆ ಎಂದು ತಂಗಿ ವಾದಿಸಿದಳು.

“ಇರಲಿ ಬಿಡು. ಮೊದಲನೇ ಅಧ್ಯಾಯದಲ್ಲಿ ಶಾಲೆಗೆ ಹೋಗ್ತಿದ್ದ ನಾಯಕಿಗೆ ಕಡೇದರಲ್ಲಿ ಮೊಮ್ಮಕ್ಕಳು. ದನಿ ಅಷ್ಟೂ ಬದಲಾಗಬಾರದಾ?”

ತಂಗಿ ತನ್ನ ಫೋನು ಕೈಗೆತ್ತಿಕೊಂಡಳು. ಕಡೆಯ ಅಧ್ಯಾಯ ಓದಿಲ್ಲ, ತಡವಾಗುತ್ತದೆ ಎಂದು ಯಜಮಾನರಿಗೆ ಬರೆದು ಕಳಿಸಿದಳು. ಕಳಿಸಿದ ಮೇಲೂ ಅವಸರ ಇಳಿಯಲಿಲ್ಲ. ಅವಸರ ಪುಸ್ತಕದ್ದಲ್ಲವೆಂದು ಆಗ ತಿಳಿಯಿತು. ಸ್ಟುಡಿಯೋದ ಕಪಾಟಿನಲ್ಲಿ ಅಕ್ಕನ ದನಿ ರಾಶಿ ಬಿದ್ದಿತ್ತು. ಅದರಲ್ಲಿ ಅಕ್ಕನದೇ ಎನ್ನುವಂಥ ಒಂದು ಮಾತೂ ಇರಲಿಲ್ಲ. ನಡುವೆ ಅವಳು ನಕ್ಕದ್ದನ್ನು, ಯಾರನ್ನೋ ಗದರಿದ್ದನ್ನು ತಾನೇ ಕತ್ತರಿಸಿ ಎಸೆದಿದ್ದಳು.

ಫೋನಿನಲ್ಲಿ ರೆಕಾರ್ಡ್ ಒತ್ತಿ ಇಬ್ಬರ ನಡುವೆ ಹಾಸಿಗೆಯ ಮೇಲಿಟ್ಟಳು.

“ಪುಸ್ತಕ ಬೇಡ. ಏನಾದ್ರೂ ಮಾತಾಡು. ಇದು ನಂಗೆ.”

ಅಕ್ಕ ಅಭ್ಯಾಸಬಲದಿಂದ ಬೆನ್ನು ನೆಟ್ಟಗೆ ಮಾಡಿ ಗಂಟಲು ಸರಿಮಾಡಿಕೊಂಡಳು. ಎದುರಿಗೆ ಹಾಳೆಯಿಲ್ಲದೆ ಏನು ಹೇಳುವುದೆಂದು ಅವಳಿಗೆ ತೋಚಲಿಲ್ಲ. ಕೊನೆಗೆ ಕಣ್ಣು ತಂಗಿಯ ಪಾದದ ಮೇಲೆ ಬಿತ್ತು.

“ಮೊದಲು ಕಾಲು ಕೆಳಗಿಳಿಸು. ಬಸ್ಸಿನ ಧೂಳೆಲ್ಲ ನನ್ನ ಹಾಸಿಗೆಗೆ.”

ತಂಗಿ ಇಳಿಸಿದಳು. ಅಲ್ಲಿಂದ ಮಾತು ಹರಿಯಿತು, ಮೆಲ್ಲಗೆ, ನಡುನಡುವೆ ನೀರು ಗುಟುಕರಿಸುತ್ತ. ಆಸ್ಪತ್ರೆಗೆ ತನ್ನ ಜೊತೆ ಯಾರು ಬರುವುದೆಂದು ಅಕ್ಕ ಕೇಳಿದಳು.

“ನಿಮ್ಮ ಭಾವ ಬಂದ್ರೆ ಡಾಕ್ಟರಿಗೇ ಆಪರೇಷನ್ ಹೇಳಿಕೊಡೋಕೆ ನಿಲ್ತಾರೆ. ನೀನೇ ಬಾ.”

ತಂಗಿ ತಲೆಯಾಡಿಸಿದಳು.

“ತಲೆ ಆಡಿಸಿದ್ರೆ ಇದಕ್ಕೆ ಕೇಳುತ್ತಾ? ಬಾಯಿ ಬಿಟ್ಟು ಹೇಳು.”

ತಂಗಿ ಫೋನಿನ ಕಡೆ ಬಗ್ಗಿ, ಬರುತ್ತೇನೆ ಎಂದಳು.