ಬತ್ತೇರಿಯಿಂದ ಬಂದವರು

ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಕೆಂಪಯ್ಯ ಮಚ್ಚು ಕೆಳಗಿಟ್ಟು, ಜಗುಲಿಯ ಮೇಲೆ ಕೂತಿದ್ದ ಅಣ್ಣನ ಮಗನ ಮುಖ ನೋಡಿದ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಮತ್ತೆ ಮಚ್ಚು ಎತ್ತಿಕೊಂಡ.

"ಏನ್ ಚಿಕ್ಕಪ್ಪ?" ಕುಮಾರಸ್ವಾಮಿ ಕೇಳಿದ.

"ಏನಿಲ್ಲ ಬುಡ್ಲಾ."

ಏನೋ ಇತ್ತು. ಭೀಮನಬೀಡು ಊರಿನ ಗಂಡಸರು ಒಬ್ಬೊಬ್ಬರಾಗಿ ಒಳಗೆ ಹೋಗಿ, ಮಲಗಿಸಿದ್ದ ಕುಮಾರಸ್ವಾಮಿಯ ಹೆಂಡತಿ ಶಿವರಂಜಿನಿಗೆ ಹೂವು ಹಾಕಿ, ಹೊರಗೆ ಬಂದು ಬೇವಿನ ಮರದಡಿ ಪಿಸುಗುಡುತ್ತಿದ್ದರು. ಅವನು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು. ಅದರಿಂದ ಅವನಿಗೆ ಬೇಸರವೂ ಆಗಲಿಲ್ಲ. ಹೆಂಡತಿಯ ತಲೆಯೊಳಗೆ ರಕ್ತನಾಳ ಒಡೆದಿದೆ, ಇನ್ನು ಆಗುವುದಿಲ್ಲ ಎಂದು ನೆನ್ನೆ ಮೈಸೂರಿನಲ್ಲಿ ಡಾಕ್ಟರು ಹೇಳಿದಾಗಿನಿಂದ ಮಾತೆಲ್ಲ ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಕಡೆಗೆ ಅವನ ತಾಯಿ ಸುಂದ್ರಮ್ಮನೇ ಬಂದು ಹೇಳಿದಳು. "ಗುರುಮಲ್ಲಯ್ಯನ ಯಾರ್ಡಲ್ಲಿ ಲಾರಿಗಳು ನಿಂತವಂತೆ ಕಣಪ್ಪ, ಟಮಟೆಹಣ್ಣು ತುಂಬ್ಕೊಂಡು. ಬಿಲ್ಲೇ ಬತ್ತಿಲ್ವಂತೆ. ನಿಮ್ ಚಿಕ್ಕಪ್ಪುಂದೂ ಅದ್ರಲ್ಲೇ ಅದೆ. ಇವ್ಳಿದ್ದಿದ್ರೆ ಸರಿ ಮಾಡೋಳು ಅಂತಾವ್ರೆ..." ಮುಂದಿನ ಮಾತಿಗೆ ಸೆರಗು ಬಾಯಿಗೆ ಬಂತು.

*

ಗುರುಮಲ್ಲಯ್ಯನ ತರಕಾರಿ ಕಂಪನಿಗೆ ಶಿವರಂಜಿನಿ ಸೇರಿದ್ದು 2005ರಲ್ಲಿ. ಆಗ ಗುಂಡ್ಲುಪೇಟೆ ಯಾರ್ಡಿನ ಕಂಪ್ಯೂಟರಿನಲ್ಲಿ ತೂಕ, ಚಾಮರಾಜನಗರದ ಆಫೀಸಿನದರಲ್ಲಿ ಬಿಲ್ಲು, ಕೇರಳದ ಕೋಳಿಕ್ಕೋಡಿನ ವ್ಯಾಪಾರಿಯದರಲ್ಲಿ ಆರ್ಡರು. ಒಂದರ ವಿಷಯ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ತೂಕದ ಚೀಟಿ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ, ಅಲ್ಲಿ ಮತ್ತೆ ಟೈಪಾಗಿ, ಬಿಲ್ಲು ವಾಪಸ್ಸು ಬರುವ ಹೊತ್ತಿಗೆ ಕ್ರೇಟಿನ ತಳದ ಹಣ್ಣು ನೀರು ಬಿಡುತ್ತಿತ್ತು. ಅವಳು ಇಂಟರ್‌ನೆಟ್ಟಿನಿಂದ ಒಂದು ಸಾಫ್ಟ್‌ವೇರ್ ಇಳಿಸಿಕೊಂಡಳು. ಯಾರು ಬೇಕಾದರೂ ದುಡ್ಡಿಲ್ಲದೆ ತೆಗೆದುಕೊಂಡು, ಒಳಗೆ ಹೇಗೆ ಬರೆದಿದ್ದಾರೆ ಎಂದು ನೋಡಿ, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಾದದ್ದು. ಅದನ್ನು ಮೂರರ ನಡುವೆ ಕೂರಿಸಿ, ಇತ್ತ ತೂಕವಾದರೆ ಅತ್ತ ಬಿಲ್ಲು ತಾನಾಗಿ ಬರುವಂತೆ ಮಾಡಿದಳು. ಅದಕ್ಕಾಗಿ ತಾನು ಬರೆದ ಭಾಗವನ್ನೂ, ಗುರುಮಲ್ಲಯ್ಯನನ್ನು ಒಪ್ಪಿಸಿ, ಎಲ್ಲರಿಗೂ ಸಿಗುವ ಹಾಗೆ ಇಂಟರ್‌ನೆಟ್ಟಿಗೆ ಹಾಕಿಬಿಟ್ಟಳು.

"ಅಷ್ಟು ಕಷ್ಟಪಟ್ಟು ಮಾಡಿದ್ನ ಬಿಟ್ಟಿ ಕೊಡ್ತಾರ?" ಬಸ್ ಡಿಪೋದಿಂದ ಗ್ರೀಸಿನ ಕೈಯಲ್ಲೇ ಬಂದ ಕುಮಾರಸ್ವಾಮಿ ಕೇಳಿದ್ದ.

"ನಂಗೂ ಯಾರೋ ಬಿಟ್ಟಿ ಕೊಟ್ರಲ್ಲ ಕಣ್ರೀ." ಅವಳು ಸೊಪ್ಪು ಬಿಡಿಸುತ್ತಿದ್ದಳು. "ಕೇರಳದ ಬತ್ತೇರಿಲಿ, ಮೆಣಸಿನ ಸೊಸೈಟಿಲಿ, ರವೀಂದ್ರನ್ ಅಂತ ಒಬ್ರವ್ರೆ. ನಂದನ್ನ ತಗೊಂಡು ಅಲ್ಲಿಗೆ ಹಾಕೊಂಡವ್ರೆ. ನಾನು ಮಾಡಿದ್ದ ತಪ್ಪು ತಿದ್ದಿ ವಾಪಸ್ ಕಳ್ಸವ್ರೆ. ಮುಖಾನೇ ನೋಡಿಲ್ಲ ನಾನು."

"ಮುಖ ನೋಡ್ದೆ ಇರೋರ್ ಜೊತೆ ಅದೇನ್ ಮಾತು ದಿನಾ?"

"ಎಲ್ಲಿ ಸಿಕ್ಕಾಕೊಂಡದೆ, ಎಂಗೆ ಬಿಡುಸ್ಬೇಕು ಅನ್ನೋ ಮಾತು." ಅವಳು ನಕ್ಕಳು. ಅವನು ನಗಲಿಲ್ಲ. ಉಂಡು, ಗೋಡೆಯ ಕಡೆಗೆ ಮಗ್ಗುಲಾಗಿ ಮಲಗಿದ.

*

ಹೊಲದ ಅಂಚಿನಲ್ಲಿ ಅವಳನ್ನು ಗುಂಡಿಗೆ ಇಳಿಸುವಾಗ, ಜನರಿಂದ ದೂರದಲ್ಲಿ ಮುಂಡು ಪಂಚೆ ಉಟ್ಟ ಉದ್ದನೆಯ ವ್ಯಕ್ತಿಯೊಬ್ಬರು ಚಪ್ಪಲಿ ಬಿಟ್ಟು ನಿಂತಿದ್ದರು. ತಲೆ ಬೋಳಾಗಿತ್ತು, ಅರವತ್ತರ ಹತ್ತಿರದ ವಯಸ್ಸು. ಎಲ್ಲರದೂ ಆದ ಮೇಲೆ ಬಂದು ಒಂದು ಹಿಡಿ ಮಣ್ಣು ಹಾಕಿದರು.

"ಯಾರ್ ಸ್ವಾಮಿ ನೀವು?" ಕೆಂಪಯ್ಯ ಕೇಳಿದ.

"ರವೀಂದ್ರನ್. ಬತ್ತೇರಿ. ಬೆಳಿಗ್ಗೆ ಆಫೀಸಿಗೆ ಫೋನ್ ಮಾಡಿದೆ, ಹೇಳಿದರು. ಬಸ್ ಹತ್ತಿ ಬಂದೆ. ನಾನು ಮೇಡಂ ನೋಡಿಲ್ಲ. ಇವತ್ತೇ..." ಅವರಿಗೆ ಮುಂದಿನ ಕನ್ನಡ ಸಿಗಲಿಲ್ಲ. ಕಣ್ಣು ಒರೆಸಿಕೊಂಡರು.

ಕುಮಾರಸ್ವಾಮಿ ಅವರನ್ನೇ ನೋಡುತ್ತ ನಿಂತ. ಇವರೇ ಅವರು. ಸಿಟ್ಟು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಅವರು ಅಳುತ್ತಿದ್ದಾರೆ, ನಾನು ಇನ್ನೂ ಅತ್ತಿಲ್ಲ ಎಂಬುದಷ್ಟೇ ತಲೆಗೆ ಹೊಳೆಯಿತು.

"ಅವ್ಳು ಮಾಡಿದ್ದು ನಿಮಗೆ ಗೊತ್ತಲ್ವಾ?"

"ಗೊತ್ತು. ಎಲ್ಲಾ ತೆರೆದು ಇಟ್ಟಿದ್ದಾರೆ."

"ಯಾರ್ಡಲ್ಲಿ ಅದು ನಿಂತೋಗದೆ. ಬನ್ನಿ."

ಕೆಂಪಯ್ಯ ಅಡ್ಡ ಬಂದ. "ಈಗ್ಯಾಕ್ಲಾ ಅದು? ಹಣ್ಣು ಕೊಳ್ತೋದ್ರೆ ಓಗ್ಲಿ, ಬುಡು."

"ಮಣ್ಣು ಕೊಟ್ಟ ಮೈಯಲ್ಲೇ ಎಲ್ಲಿಗ್ಲಾ?" ಅವರು ಮನೆಯ ಮುಂದೆ ಬಂದಾಗ ಸುಂದ್ರಮ್ಮ ಕೂಗಿದಳು. "ಸ್ನಾನ ಮಾಡಿ ದೀಪ ನೋಡ್ಬೇಕು ಕಣಪ್ಪ!"

"ಬಂದು ನೋಡ್ತೀನಿ ಬುಡವ್ವ." ಅವನು ರವೀಂದ್ರನ್ ಅವರನ್ನು ಹಿಂದೆ ಕೂರಿಸಿಕೊಂಡು ಬೈಕಿನ ಕಿಕ್ಕರ್ ಒದ್ದ.

*

ಗುರುಮಲ್ಲಯ್ಯ ಯಾರ್ಡಿನ ಬಾಗಿಲಲ್ಲಿ ಕೈಮುಗಿದ. ನೆನ್ನೆ ತೂಕದ ಯಂತ್ರ ಬದಲಾಯಿಸಿದೆವು, ಆಗಿನಿಂದ ಒಂದೂ ಆ ಕಡೆಗೆ ಹೋಗುತ್ತಿಲ್ಲ ಎಂದ. ರವೀಂದ್ರನ್ ಪರದೆಯನ್ನು ನೋಡಿದರು. "ಹೊಸ ಯಂತ್ರ ತೂಕ ಬೇರೆ ತರ ಬರೀತದೆ. ಮೇಡಂ ಬರೆದದ್ದಕ್ಕೆ ಅದು ಅರ್ಥ ಆಗೋದಿಲ್ಲ. ಮೊದಲನೇ ಚೀಟಿ ಸಿಕ್ಕಿಕೊಂಡು ಉಳಿದದ್ದು ಹಿಂದೆ ನಿಂತಿದೆ. ಆಗುತ್ತೆ."

ಅವರು ಅವಳ ಕುರ್ಚಿಯಲ್ಲಿ ಕೂತರು. ಶಿವರಂಜಿನಿ ಗಿಡ್ಡಗಿದ್ದಳು, ನೆಲಕ್ಕೆ ಕಾಲು ಊರುವಂತೆ ಕುರ್ಚಿಯನ್ನು ತಗ್ಗಿಸಿಕೊಂಡಿದ್ದಳು. ರವೀಂದ್ರನ್ ಅವರ ಮೊಣಕಾಲು ಮೇಜಿಗೆ ತಗುಲಿತು. ಕುರ್ಚಿ ಎತ್ತರಿಸಲು ಅವರ ಕೈ ಪಕ್ಕದ ಹಿಡಿಯನ್ನು ಹುಡುಕಿತು.

"ಬ್ಯಾಡಿ," ಕುಮಾರಸ್ವಾಮಿ ಅಂದ. ಆ ದನಿ ಅವನಿಗೇ ಹೊಸದಾಗಿತ್ತು.

ರವೀಂದ್ರನ್ ತಿರುಗಿ ಅವನ ಮುಖ ನೋಡಿದರು. ಕೈ ಹಿಂದಕ್ಕೆ ತೆಗೆದುಕೊಂಡರು. ಕಾಲುಗಳನ್ನು ಓರೆಯಾಗಿ ಮಡಿಸಿ, ಮೈ ಮುದುರಿಕೊಂಡು ಟೈಪು ಮಾಡತೊಡಗಿದರು. ಬಹಳ ಹೊತ್ತಿನ ಮೇಲೆ ಪ್ರಿಂಟರು ಗೊರಗುಟ್ಟಿ ಮೊದಲ ಬಿಲ್ಲನ್ನು ಹೊರಹಾಕಿದಾಗ, ಹೊರಗೆ ಯಾರೋ ಡ್ರೈವರನ ಹೆಸರು ಕೂಗಿದರು. ಅವರು ಇನ್ನೂ ಹಾಗೆಯೇ, ತಗ್ಗು ಕುರ್ಚಿಯಲ್ಲಿ ಮುದುರಿಕೊಂಡಿದ್ದರು. ಕುರ್ಚಿಯ ಬೆನ್ನನ್ನು ಹಿಡಿದಿದ್ದ ಕುಮಾರಸ್ವಾಮಿಯ ಉಗುರಿನ ಸಂದಿಯಲ್ಲಿ ಗುಂಡಿಯ ಕೆಮ್ಮಣ್ಣು ಇನ್ನೂ ಹಾಗೆಯೇ ಇತ್ತು.